ಸ್ಲೈಡಿನಲ್ಲಿ ಉಂಗುರ ಮಾತ್ರ ಯಾಕೆ? ಮಲೇರಿಯಾ ಪರಾವಲಂಬಿಯ ಒಂದೇ ಬಾಗಿಲಿನ ಪ್ರಕರಣ

ನಾನು ಮೊದಲ ಸಲ ಫಾಲ್ಸಿಪಾರಂ ಮಲೇರಿಯಾದ ಸ್ಲೈಡ್ ನೋಡಿದ್ದು ಒಂದು ಮಳೆಗಾಲದಲ್ಲಿ, ಮಂಗಳೂರಿನ ಸಣ್ಣ ಲ್ಯಾಬ್ ಒಂದರಲ್ಲಿ. ಚಳಿಜ್ವರ ಅಂತ ಬಂದವರ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆದಿದ್ದರು. ಒಣಗಿಸಿ, ಬಣ್ಣ ಹಾಕಿ, ಮೇಲೊಂದು ಹನಿ ಎಣ್ಣೆ ಬಿಟ್ಟು, ನೂರರ ಲೆನ್ಸ್ ಕೆಳಗೆ ಇಟ್ಟಿದ್ದರು. ಕಣ್ಣಿಟ್ಟರೆ ತಿಳಿಗುಲಾಬಿ ಬಣ್ಣದ ಕೆಂಪು ರಕ್ತಕಣಗಳು, ಒತ್ತೊತ್ತಾಗಿ. ಅಲ್ಲೊಂದು ಇಲ್ಲೊಂದು ಕಣದ ಒಳಗೆ ತೆಳು ನೀಲಿ ಉಂಗುರ. ಉಂಗುರಕ್ಕೆ ಹರಳು ಕೂರಿಸಿದ ಹಾಗೆ ಒಂದು ಕೆಂಪು ಚುಕ್ಕೆ. ಒಂದು ಕಣದಲ್ಲಂತೂ ಎರಡು ಉಂಗುರ ಇದ್ದವು.

ಫಾಲ್ಸಿಪಾರಂ, ವೈವಾಕ್ಸ್ ಅಂದರೆ ಮಲೇರಿಯಾ ತರುವ ಪರಾವಲಂಬಿಯ ಎರಡು ಜಾತಿಗಳು. ಪಕ್ಕದಲ್ಲಿ ಕೂತಿದ್ದ ಹಿರಿಯ ಟೆಕ್ನಿಷಿಯನ್ ಅಕ್ಕ ಒಂದು ಮಾತು ಹೇಳಿದರು. "ಬರೀ ಉಂಗುರ ಕಂಡ್ರೆ ಫಾಲ್ಸಿಪಾರಂ ಅಂತ ಅನುಮಾನ ಪಡು. ಬೆಳೆದು ದೊಡ್ಡದಾದವೂ ಕಂಡ್ರೆ ವೈವಾಕ್ಸ್ ಇರಬಹುದು."

"ಹಾಗಾದ್ರೆ ಫಾಲ್ಸಿಪಾರಂನಲ್ಲಿ ದೊಡ್ಡವು ಎಲ್ಲಿಗೆ ಹೋಗ್ತವೆ ಅಕ್ಕಾ?"

"ಒಳಗೆ ಎಲ್ಲೋ ಅಂಟಿಕೊಂಡಿರ್ತವೆ. ಬೆರಳಿನ ರಕ್ತಕ್ಕೆ ಬರೋದಿಲ್ಲ."

ಅಷ್ಟೇ ಹೇಳಿ ಅವರು ಮುಂದಿನ ಸ್ಲೈಡ್ ಎತ್ತಿಕೊಂಡರು. ಅವರ ಉತ್ತರ ಸರಿಯಾಗಿತ್ತು. ಆದರೆ ಆ "ಅಂಟಿಕೊಂಡಿರ್ತವೆ" ಅನ್ನೋ ಒಂದು ಪದದ ಹಿಂದೆ ಎಷ್ಟು ದೊಡ್ಡ ಕೆಲಸ ಅಡಗಿದೆ ಅಂತ ನನಗೆ ಗೊತ್ತಾಗಿದ್ದು ತುಂಬಾ ವರ್ಷಗಳ ನಂತರ. ಇಲ್ಲಿ ಬರೆಯುತ್ತಿರುವುದು ಆ ಕೆಲಸದ ಬಗ್ಗೆಯೇ. ಒಂದೇ ಒಂದು ಕೆಂಪು ರಕ್ತಕಣ, ಅದರೊಳಗೆ ಒಂದು ಪರಾವಲಂಬಿ, ಮತ್ತು ಆ ಪರಾವಲಂಬಿ ತನ್ನ ಪ್ರೋಟೀನುಗಳನ್ನು ಹೊರಗೆ ಸಾಗಿಸುವ ದಾರಿ. ಪ್ರಕರಣ ಇಷ್ಟೇ.

ಲೆಕ್ಕ ತಾಳೆಯಾಗುವುದಿಲ್ಲ

ಫಾಲ್ಸಿಪಾರಂ ಪರಾವಲಂಬಿ ಒಂದು ರಕ್ತಕಣದೊಳಗೆ ಸುಮಾರು 48 ಗಂಟೆ ಇರುತ್ತದೆ. ಮೊದಲ ಅರ್ಧ ದಿನದಿಂದ ಒಂದು ದಿನದವರೆಗೆ ಅದು ಉಂಗುರ. ಆಮೇಲೆ ಹಿಮೋಗ್ಲೋಬಿನ್ ತಿಂದು ದಪ್ಪಗಾಗುತ್ತದೆ. ಕೊನೆಗೆ 16ರಿಂದ 32 ಮರಿಗಳಾಗಿ ಒಡೆದು, ಕಣವನ್ನು ಸಿಡಿಸಿ ಹೊರಬಂದು, ಹೊಸ ಕಣಗಳಿಗೆ ನುಗ್ಗುತ್ತದೆ.

ಅಂದರೆ ರೋಗಿಯ ಮೈಯಲ್ಲಿರುವ ಪರಾವಲಂಬಿಗಳಲ್ಲಿ ಸುಮಾರು ಅರ್ಧದಷ್ಟಾದರೂ ಬೆಳೆದವು ಇರಬೇಕು, ಅಲ್ವಾ? ಸ್ಲೈಡಿನಲ್ಲಿ ಮಾತ್ರ ಅವು ಇಲ್ಲ. ಅವು ಸಣ್ಣ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡಿವೆ. ಮಿದುಳು, ಶ್ವಾಸಕೋಶ, ಕರುಳು, ಬಸುರಿ ಹೆಂಗಸರಲ್ಲಿ ಮಾಸು. ಮಿದುಳಿನ ನಾಳಗಳಲ್ಲಿ ಜಾಸ್ತಿ ಸೇರಿಕೊಂಡರೆ ರೋಗಿಗೆ ಪ್ರಜ್ಞೆ ತಪ್ಪುತ್ತದೆ. ಮಕ್ಕಳನ್ನು ಕೊಲ್ಲುವ ಮಲೇರಿಯಾದ ಭಯಂಕರ ರೂಪಗಳಲ್ಲಿ ಇದು ಒಂದು.

ಅಂಟಿಕೊಳ್ಳಲು ಕಾರಣ ಇದೆ. ನಮ್ಮ ಗುಲ್ಮ, ಅಂದರೆ ಹೊಟ್ಟೆಯ ಎಡಬದಿಯಲ್ಲಿರುವ ಸ್ಪ್ಲೀನ್, ಹಳತಾದ, ಗಡುಸಾದ ರಕ್ತಕಣಗಳನ್ನು ಸೋಸಿ ತೆಗೆಯುತ್ತದೆ. ಅಲ್ಲಿನ ಸಂದುಗಳು ತುಂಬಾ ಇಕ್ಕಟ್ಟು. ಮೆತ್ತಗಿನ ಕಣ ಬಳುಕಿ ಪಾರಾಗುತ್ತದೆ, ಗಡುಸಾದದ್ದು ಸಿಕ್ಕಿಬೀಳುತ್ತದೆ. ಹೊಟ್ಟೆ ತುಂಬ ಪರಾವಲಂಬಿ ಇಟ್ಟುಕೊಂಡ ಕಣ ಬಳುಕುವುದಿಲ್ಲ. ಹಾಗಾಗಿ ಆ ದಾರಿಯಲ್ಲಿ ಹೋಗದೆ ಎಲ್ಲಾದರೂ ಅಂಟಿಕೊಂಡು ಕೂರುವುದೇ ಪರಾವಲಂಬಿಗೆ ಕ್ಷೇಮ.

ಅಂಟಿಸುವ ಗೋಂದು ಒಂದು ಪ್ರೋಟೀನ್. ಹೆಸರು ಪಿಎಫ್-ಇಎಂಪಿ1. ಅದನ್ನು ತಯಾರಿಸುವುದು ಪರಾವಲಂಬಿ, ಆದರೆ ಅದು ಕೂರಬೇಕಾದದ್ದು ರಕ್ತಕಣದ ಹೊರಮೈಯಲ್ಲಿ. ಪರಾವಲಂಬಿಯ ಬಳಿ ಈ ಗೋಂದಿಗೆ ಸುಮಾರು 60 ಜೀನುಗಳಿವೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬಳಸುತ್ತದೆ. ನಮ್ಮ ದೇಹ ಒಂದನ್ನು ಗುರುತು ಹಿಡಿದು ಹೋರಾಡುವ ಹೊತ್ತಿಗೆ, ಕೆಲವು ಪರಾವಲಂಬಿಗಳು ಇನ್ನೊಂದಕ್ಕೆ ಬದಲಾಗಿರುತ್ತವೆ.

ಈಗ ಪ್ರಶ್ನೆ ಸರಿಯಾಗಿ ಕೇಳಬಹುದು. ಒಳಗೆ ಕೂತ ಪರಾವಲಂಬಿ ತಯಾರಿಸಿದ ಗೋಂದು ಹೊರಗಿನ ಗೋಡೆಗೆ ಬರೋದು ಹೇಗೆ?

ಕೆಲಸದವರೇ ಇಲ್ಲದ ಗೋಡೌನು

ಸಾಮಾನ್ಯವಾಗಿ ಒಂದು ಜೀವಕೋಶದಲ್ಲಿ ಪ್ರೋಟೀನ್ ಸಾಗಿಸುವುದಕ್ಕೆ ಪೂರ್ತಿ ವ್ಯವಸ್ಥೆ ಇರುತ್ತದೆ. ಮಾಡುವ ಜಾಗ, ಪ್ಯಾಕ್ ಮಾಡುವ ಜಾಗ, ಸಣ್ಣ ಸಣ್ಣ ಚೀಲಗಳಲ್ಲಿ ಹೊತ್ತು ಒಯ್ಯುವ ಹಳಿಗಳು. ವೈರಸ್ಸುಗಳು ಇಂಥ ಕೋಶದೊಳಗೆ ಹೊಕ್ಕರೆ ಆ ವ್ಯವಸ್ಥೆಯನ್ನೇ ತಮ್ಮ ಕೆಲಸಕ್ಕೆ ಹಚ್ಚುತ್ತವೆ.

ಕೆಂಪು ರಕ್ತಕಣದಲ್ಲಿ ಅದೇನೂ ಇಲ್ಲ. ಅದು ಬಲಿಯುವಾಗಲೇ ತನ್ನ ನ್ಯೂಕ್ಲಿಯಸ್ಸನ್ನೂ ಒಳಗಿನ ಯಂತ್ರಗಳನ್ನೂ ಕಳಚಿಹಾಕಿರುತ್ತದೆ. ಸುಮಾರು 120 ದಿನ ಆಮ್ಲಜನಕ ಹೊತ್ತು ತಿರುಗುವುದಷ್ಟೇ ಅದರ ಕೆಲಸ. ಅದರೊಳಗಿನ ಪ್ರೋಟೀನಿನಲ್ಲಿ ನೂರಕ್ಕೆ 95ರಷ್ಟು ಹಿಮೋಗ್ಲೋಬಿನ್ ಒಂದೇ. ಛಾವಣಿ ಮುಟ್ಟುವ ತನಕ ಅಕ್ಕಿ ಮೂಟೆ ಪೇರಿಸಿಟ್ಟು, ಕೆಲಸದವರನ್ನೆಲ್ಲ ಕಳಿಸಿಬಿಟ್ಟ ಗೋಡೌನು ಅಂದುಕೊಳ್ಳಿ. ಊಟಕ್ಕೆ ಕೊರತೆ ಇಲ್ಲ. ಆದರೆ ಒಂದು ಮೂಟೆಯನ್ನು ಎತ್ತಿಡೋಕೂ ಆಳಿಲ್ಲ.

ಇನ್ನೂ ಒಂದು ತೊಡಕಿದೆ. ಪರಾವಲಂಬಿ ಕಣದೊಳಗೆ ನೇರವಾಗಿ ತೇಲುತ್ತಿಲ್ಲ. ಒಳಗೆ ನುಗ್ಗುವಾಗ ಅದು ಒಂದು ಪೊರೆಯನ್ನು ಸುತ್ತಿಕೊಂಡೇ ಒಳಸೇರುತ್ತದೆ. ಸೊಳ್ಳೆಪರದೆಯ ಒಳಗೆ ಮಲಗಿದ ಹಾಗೆ, ಆ ಪೊರೆಯ ಚೀಲದೊಳಗೆ ಕೂತಿರುತ್ತದೆ. ಹಾಗಾಗಿ ಒಂದು ಪ್ರೋಟೀನ್ ಮೊದಲು ಪರಾವಲಂಬಿಯ ಸ್ವಂತ ಪೊರೆ ದಾಟಬೇಕು. ಆಮೇಲೆ ಈ ಚೀಲದ ಪೊರೆ ದಾಟಬೇಕು. ಆಮೇಲೆ ಹಿಮೋಗ್ಲೋಬಿನ್ ಕಿಕ್ಕಿರಿದ ಗೋಡೌನಿನ ಉದ್ದಕ್ಕೂ ಸಾಗಿ, ಹೊರಗೋಡೆಯನ್ನು ಮುಟ್ಟಬೇಕು. ಮೊದಲ ಪೊರೆ ದಾಟುವುದು ಎಲ್ಲ ಜೀವಕೋಶಗಳಿಗೂ ಬರುವ ವಿದ್ಯೆ. ಎರಡನೆಯದೇ ಈ ಪ್ರಕರಣದ ಗಂಟು.

ಚೀಟಿ ಸಿಕ್ಕಿದ ವರ್ಷ

ಈ ಗಂಟನ್ನು ಬಿಡಿಸುವ ಕೆಲಸಗಳೆಲ್ಲ ಸಾಧ್ಯವಾಗಿದ್ದು 1976ರಲ್ಲಿ ವಿಲಿಯಂ ಟ್ರೇಗರ್ ಮತ್ತು ಜೇಮ್ಸ್ ಜೆನ್ಸನ್ ಫಾಲ್ಸಿಪಾರಂ ಪರಾವಲಂಬಿಯನ್ನು ಮನುಷ್ಯರ ರಕ್ತದಲ್ಲಿ, ದೇಹದ ಹೊರಗೆ, ಸತತವಾಗಿ ಬೆಳೆಸುವುದು ಹೇಗೆ ಅಂತ ತೋರಿಸಿದ್ದರಿಂದ. 2002ರಲ್ಲಿ ಪರಾವಲಂಬಿಯ ಪೂರ್ತಿ ಜೀನೋಮ್ ಪ್ರಕಟವಾಯಿತು. ಸುಮಾರು 5,300 ಜೀನುಗಳು. ಅವುಗಳಲ್ಲಿ ಯಾವ ಯಾವ ಪ್ರೋಟೀನ್ ಹೊರಗೆ ಹೋಗುತ್ತದೆ ಅಂತ ಹುಡುಕಲು ಆಗ ಒಂದು ಪಟ್ಟಿಯಾದರೂ ಕೈಗೆ ಬಂತು.

2004ರ ಡಿಸೆಂಬರಿನಲ್ಲಿ, ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನ ಬಂದವು. ಒಂದು ಮೆಲ್ಬರ್ನಿನ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯ ಅಲನ್ ಕೌಮನ್ ಅವರ ತಂಡದ್ದು. ಇನ್ನೊಂದು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿದ್ದ ಕಸ್ತೂರಿ ಹಲ್ದಾರ್ ಅವರ ತಂಡದ್ದು. ಇಬ್ಬರೂ ಬೇರೆ ಬೇರೆಯಾಗಿ ಹುಡುಕಿ ಒಂದೇ ವಸ್ತುವನ್ನು ಕಂಡಿದ್ದರು. ಹೊರಗೆ ಹೋಗುವ ಪ್ರೋಟೀನುಗಳ ಮುಂಭಾಗದಲ್ಲಿ ಐದು ಅಮೈನೋ ಆಮ್ಲಗಳ, ಅಂದರೆ ಪ್ರೋಟೀನಿನ ಎಳೆಯಲ್ಲಿ ಪೋಣಿಸಿದ ಐದು ಮಣಿಗಳ, ಒಂದು ಗುರುತು. ಮೊದಲ ಜಾಗದಲ್ಲಿ ಆರ್ಜಿನೀನ್, ಮೂರನೇ ಜಾಗದಲ್ಲಿ ಲ್ಯೂಸೀನ್, ಐದನೇ ಜಾಗದಲ್ಲಿ ಗ್ಲುಟಮೇಟ್ ಅಥವಾ ಅದರ ನೆಂಟರು. ನಡುವಿನ ಎರಡು ಜಾಗದಲ್ಲಿ ಯಾವುದಿದ್ದರೂ ನಡೆಯುತ್ತದೆ. ಮೆಲ್ಬರ್ನ್ ತಂಡ ಇದನ್ನು ಪೆಕ್ಸೆಲ್ ಅಂತ ಕರೆಯಿತು. ಆ ಹೆಸರೇ ಉಳಿಯಿತು.

ಬಸ್ಸಿನ ಮೇಲೆ ಹಾಕುವ ಪಾರ್ಸೆಲ್ಲಿಗೆ ಚೀಟಿ ಅಂಟಿಸುತ್ತಾರಲ್ಲ, ಇದು ಹಾಗೆ. ಚೀಟಿ ಗೊತ್ತಾದ ಮೇಲೆ ಜೀನೋಮ್ ಪೂರ್ತಿ ಜಾಲಾಡಬಹುದಾಯಿತು. ಒಂದೆರಡು ಡಜನ್ ಅಲ್ಲ, 300ರಿಂದ 400 ಪ್ರೋಟೀನುಗಳ ಮೇಲೆ ಈ ಗುರುತು ಇರಬಹುದು ಅಂತ ಕಂಡಿತು. ಒಂದೇ ಕೋಶದ ಒಂದು ಜೀವಿ, ತಾನು ಕೂತ ಮನೆಯನ್ನು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳಲು ಇಷ್ಟೊಂದು ಸಾಮಾನು ಹೊರಗೆ ಕಳಿಸುತ್ತದೆ. ನನಗೆ ಈ ಸಂಖ್ಯೆ ಓದಿದಾಗಲೆಲ್ಲ ಆ ನೀಲಿ ಉಂಗುರ ಕಣ್ಣ ಮುಂದೆ ಬರುತ್ತದೆ. ಸುಮ್ನೆ ಕೂತಿದೆ ಅಂತ ಅಂದುಕೊಂಡಿದ್ದೆ.

2010ರಲ್ಲಿ ಇನ್ನೊಂದು ವಿಷಯ ತಿಳಿಯಿತು. ಈ ಚೀಟಿಯನ್ನು ಪ್ಲಾಸ್ಮೆಪ್ಸಿನ್ 5 ಅನ್ನುವ ಕಿಣ್ವ ಪರಾವಲಂಬಿಯ ಒಳಗೇ ಕತ್ತರಿಸುತ್ತದೆ. ಲ್ಯೂಸೀನ್ ಆದ ತಕ್ಷಣ ಕತ್ತರಿ. ಟಿಕೆಟ್ ಹರಿದು ಅರ್ಧ ಕೈಗೆ ಕೊಟ್ಟ ಹಾಗೆ, ಉಳಿದ ತುಂಡನ್ನು ಹೊತ್ತ ಪ್ರೋಟೀನ್ ಮುಂದಕ್ಕೆ ಹೋಗುತ್ತದೆ.

ಆದರೆ ಚೀಟಿಯ ಕಥೆಯಲ್ಲಿ ಒಂದು ಒಡಕು ಮೊದಲಿನಿಂದಲೂ ಇತ್ತು. ಮುಖ್ಯವಾದ ಆ ಗೋಂದು, ಪಿಎಫ್-ಇಎಂಪಿ1, ಅದರ ಮೇಲೆ ಈ ಮಾಮೂಲಿ ಚೀಟಿ ಇಲ್ಲ. ಚೀಟಿಯೇ ಇಲ್ಲದೆ ಹೊರಗೆ ಹೋಗುವ ಪ್ರೋಟೀನುಗಳು ಬೇರೆಯೂ ಇವೆ. ಹಾಗಾದರೆ ಅವುಗಳಿಗೆ ಬೇರೆ ದಾರಿ ಇದೆಯಾ? ಎಷ್ಟು ಬಾಗಿಲುಗಳಿವೆ?

ಶ್ಯಾವಿಗೆ ಒರಳು

ಬಾಗಿಲಿನ ಮೊದಲ ಸುಳಿವು 2009ರಲ್ಲಿ ಸಿಕ್ಕಿತು. ಆಸ್ಟ್ರೇಲಿಯಾದ ತಾನಿಯಾ ಡಿ ಕೋನಿಂಗ್-ವಾರ್ಡ್, ಬ್ರೆಂಡನ್ ಕ್ರ್ಯಾಬ್ ಮತ್ತು ಅವರ ಜೊತೆಗಾರರು ಚೀಲದ ಪೊರೆಯ ಬಳಿ ಐದು ಪ್ರೋಟೀನುಗಳ ಒಂದು ಗುಂಪನ್ನು ಕಂಡರು. ಅದಕ್ಕೆ ಪಿಟೆಕ್ಸ್ ಅಂತ ಹೆಸರಿಟ್ಟರು. ಮುಖ್ಯವಾದವು ಮೂರು. ಪೊರೆಯಲ್ಲಿ ತೂತಿನ ಹಾಗೆ ಕೂತಿರುವ ಇಎಕ್ಸ್‌ಪಿ2. ಪ್ರೋಟೀನನ್ನು ಹಿಡಿದು ಬಿಚ್ಚಿ ತಳ್ಳುವ ಎಚ್‌ಎಸ್‌ಪಿ101. ಇವೆರಡನ್ನೂ ಜೋಡಿಸುವ ಪಿಟೆಕ್ಸ್150.

ಬಿಚ್ಚುವುದು ಯಾಕೆ ಅಂತ ಕೇಳಬಹುದು. ಪ್ರೋಟೀನ್ ಅಂದರೆ ಉದ್ದನೆಯ ಎಳೆ. ತಯಾರಾದ ಮೇಲೆ ಅದು ಸುತ್ತಿ ಮಡಚಿ ಉಂಡೆಯಾಗುತ್ತದೆ. ಉಂಡೆ ಸಣ್ಣ ತೂತಿನಲ್ಲಿ ಹೋಗದು. ಮನೆಯಲ್ಲಿ ಶ್ಯಾವಿಗೆ ಒತ್ತಿದವರಿಗೆ ಇದು ಗೊತ್ತು. ಒರಳಿಗೆ ಹಾಕುವುದು ಬೆಂದ ಹಿಟ್ಟಿನ ಉಂಡೆ, ಬಿಲ್ಲೆಯ ತೂತಿನಿಂದ ಕೆಳಗೆ ಬರುವುದು ಎಳೆ. ಅದೇ 2009ರಲ್ಲಿ ಜರ್ಮನಿಯ ಸಂಶೋಧಕರು ಇದನ್ನು ಚೆಂದವಾಗಿ ತೋರಿಸಿದರು. ಹೊರಗೆ ಹೋಗಬೇಕಾದ ಒಂದು ಪ್ರೋಟೀನಿಗೆ, ಔಷಧ ಹಾಕಿದರೆ ಬಿಚ್ಚಲು ಬಾರದಂತೆ ಬಿಗಿಯಾಗುವ ಒಂದು ತುಂಡನ್ನು ಜೋಡಿಸಿದರು. ಔಷಧ ಇಲ್ಲದಾಗ ಅದು ಹೊರಗೆ ಹೋಯಿತು. ಔಷಧ ಹಾಕಿದಾಗ ಚೀಲದೊಳಗೇ ಸಿಕ್ಕಿಕೊಂಡಿತು.

ಹಾಗಾಗಿ ಎಳೆ ಮಾಡಿ ತೂರಿಸುವ ಯಂತ್ರ ಒಂದು ಇದೆ ಅನ್ನುವುದು ನಂಬುವಂತಿತ್ತು. ಆ ಯಂತ್ರ ಪಿಟೆಕ್ಸೇ ಅನ್ನುವುದಕ್ಕೆ ಮಾತ್ರ ನೇರ ಪುರಾವೆ ಇರಲಿಲ್ಲ. ಅನುಮಾನ ಇದ್ದವನು ಜಾಗದಲ್ಲಿ ಇದ್ದ ಅಂದ ಮಾತ್ರಕ್ಕೆ ಕೆಲಸ ಅವನೇ ಮಾಡಿದ ಅಂತ ಆಗುವುದಿಲ್ಲವಲ್ಲ. ಅವನನ್ನು ತಡೆದು ನೋಡಬೇಕು, ಕೆಲಸ ನಿಲ್ಲುತ್ತದೆಯೇ ಅಂತ.

ಇಲ್ಲಿ ಒಂದು ಕಷ್ಟ. ಪಿಟೆಕ್ಸಿನ ಈ ಮುಖ್ಯ ಪ್ರೋಟೀನುಗಳ ಜೀನನ್ನು ಸುಮ್ನೆ ಕಿತ್ತುಹಾಕಿದರೆ ಪರಾವಲಂಬಿ ಬದುಕುವುದೇ ಇಲ್ಲ. ಸತ್ತ ಪರಾವಲಂಬಿಯಲ್ಲಿ ಏನನ್ನು ಅಳೆಯುತ್ತೀರಿ? ಬಾಗಿಲು ಇರಬೇಕು, ಬೇಕೆಂದಾಗ ಮುಚ್ಚಬೇಕು, ಬೇಕೆಂದಾಗ ತೆರೆಯಬೇಕು. ಇದಕ್ಕೆ ಐದು ವರ್ಷ ಹಿಡಿಯಿತು.

ಬೀಗ ಹಾಕಿ ನೋಡಿದ್ದು

2014ರಲ್ಲಿ ಮತ್ತೆ ಎರಡು ತಂಡಗಳು ಒಟ್ಟಿಗೆ ಉತ್ತರ ತಂದವು. ಒಂದು ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಗೋಲ್ಡ್‌ಬರ್ಗ್ ಅವರ ಲ್ಯಾಬ್. ಕೆಲಸ ಮಾಡಿದವರಲ್ಲಿ ಮುಂದಿದ್ದವರು ಜೋಶ್ ಬೆಕ್. ಇನ್ನೊಂದು ಆಸ್ಟ್ರೇಲಿಯಾದ ಡಿ ಕೋನಿಂಗ್-ವಾರ್ಡ್ ಮತ್ತು ಕ್ರ್ಯಾಬ್ ಅವರ ಬಳಗ. ಮೊದಲನೆಯದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಈ ಪೂರ್ತಿ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಅದು.

ಅವರು ಎಚ್‌ಎಸ್‌ಪಿ101ರ ಬಾಲಕ್ಕೆ ಬ್ಯಾಕ್ಟೀರಿಯಾದಿಂದ ತಂದ ಒಂದು ತುಂಡನ್ನು ಜೋಡಿಸಿದರು. ಈ ತುಂಡಿಗೆ ಒಂದು ಗುಣ ಇದೆ. ಟ್ರೈಮೆಥೋಪ್ರಿಮ್ ಅನ್ನುವ ಔಷಧ ಸಿಕ್ಕರೆ ಅದು ನೀಟಾಗಿ ಮಡಚಿಕೊಂಡು ಸುಮ್ಮನಿರುತ್ತದೆ. ಔಷಧ ಇಲ್ಲದಿದ್ದರೆ ಮಡಚಿಕೊಳ್ಳಲಾಗದೆ ಕೆದರಿಕೊಳ್ಳುತ್ತದೆ. ಟ್ರೈಮೆಥೋಪ್ರಿಮ್ ಅಂದರೆ ಅಪರೂಪದ್ದೇನಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ಕೋ-ಟ್ರೈಮಾಕ್ಸಜೋಲ್ ಮಾತ್ರೆಯಲ್ಲಿ ಇರುವ ಎರಡು ಔಷಧಗಳಲ್ಲಿ ಅದೊಂದು.

ಇಂಥ ತುಂಡು ಕೆದರಿದರೆ ಸಾಮಾನ್ಯವಾಗಿ ಜೀವಕೋಶ ಇಡೀ ಪ್ರೋಟೀನನ್ನೇ ಕಸದ ಬುಟ್ಟಿಗೆ ಹಾಕಿ ನಾಶ ಮಾಡುತ್ತದೆ. ಇಲ್ಲಿ ನಡೆದದ್ದು ಬೇರೆ. ಎಚ್‌ಎಸ್‌ಪಿ101ರ ಕೆಲಸವೇ ಕೆದರಿದ ಎಳೆಗಳನ್ನು ಹಿಡಿಯುವುದು. ಔಷಧ ತೆಗೆದ ಕೂಡಲೇ ಅದಕ್ಕೆ ಸಿಕ್ಕಿದ ಮೊದಲ ಕೆದರಿದ ಎಳೆ ತನ್ನದೇ ಬಾಲ! ಅದನ್ನೇ ಹಿಡಿದುಕೊಂಡು ಕೂತಿರಬೇಕು ಅನ್ನುವುದು ಊಹೆ. ಬೇರೆ ಪ್ರೋಟೀನುಗಳ ಕಡೆ ತಿರುಗಲಿಲ್ಲ. ಪಿಟೆಕ್ಸಿನ ಉಳಿದ ಭಾಗಗಳ ಜೊತೆಗಿನ ನಂಟೂ ಕಳಚಿತು. ಪ್ರೋಟೀನ್ ನಾಶವಾಗಲಿಲ್ಲ, ಕೆಲಸ ಮಾತ್ರ ನಿಂತಿತು. ಔಷಧ ಹಾಕಿದರೆ ಬಾಗಿಲು ತೆರೆದಿರುತ್ತದೆ, ತೆಗೆದರೆ ಮುಚ್ಚುತ್ತದೆ, ಮತ್ತೆ ಹಾಕಿದರೆ ಮತ್ತೆ ತೆರೆಯುತ್ತದೆ. ಬೇಕಾಗಿದ್ದ ಬೀಗ ಇದೇ.

ಈಗ ಮೈಕ್ರೋಸ್ಕೋಪಿನ ಕೆಳಗೆ ಏನು ಕಂಡಿತು ನೋಡಿ. ಹೊರಗೆ ಹೋಗುವ ಪ್ರೋಟೀನುಗಳನ್ನು ಹೊಳೆಯುವ ಬಣ್ಣದಿಂದ ಗುರುತು ಮಾಡಿ ನೋಡಿದರು. ಔಷಧ ಇದ್ದಾಗ ಬಣ್ಣ ರಕ್ತಕಣದ ತುಂಬ ಹರಡಿಕೊಂಡಿತ್ತು. ಔಷಧ ಇಲ್ಲದಾಗ ಬಣ್ಣವೆಲ್ಲ ಪರಾವಲಂಬಿಯ ಸುತ್ತ, ಆ ಚೀಲದೊಳಗೆ, ಬಳೆಯ ಹಾಗೆ ಸಿಕ್ಕಿಕೊಂಡಿತ್ತು. ರಕ್ತಕಣ ಬೋಳಾಗಿತ್ತು.

ಆಮೇಲೆ ಬಂದ ಫಲಿತಾಂಶ ಸಂಶೋಧಕರಿಗೂ ಅಚ್ಚರಿ. ಪೆಕ್ಸೆಲ್ ಚೀಟಿ ಇದ್ದ ಪ್ರೋಟೀನುಗಳು ನಿಂತವು. ಚೀಟಿ ಇಲ್ಲದವೂ ನಿಂತವು. ನೀರಿನಲ್ಲಿ ಕರಗಿ ತೇಲುವವೂ ನಿಂತವು, ಪೊರೆಯಲ್ಲಿ ಹುದುಗಿ ಹೋಗುವವೂ ನಿಂತವು. ಪರೀಕ್ಷಿಸಿದ ಎಲ್ಲ ಬಗೆಯವೂ. ಸೊಳ್ಳೆಗೆ ದಾಟಲು ತಯಾರಾಗುವ ಗ್ಯಾಮಿಟೋಸೈಟುಗಳಲ್ಲೂ ಇದೇ ಕಥೆ. ಬೇರೆ ಬೇರೆ ಓಣಿಗಳಿಂದ ಬಂದರೂ ಕೊನೆಗೆ ಎಲ್ಲರೂ ಹಾದುಹೋಗಬೇಕಾದ ಹೆಬ್ಬಾಗಿಲು ಒಂದೇ.

ಆಸ್ಟ್ರೇಲಿಯಾದ ತಂಡ ಬೇರೆ ಉಪಾಯ ಹಿಡಿದಿತ್ತು. ಪಿಟೆಕ್ಸ್150 ಮತ್ತು ಎಚ್‌ಎಸ್‌ಪಿ101 ಎಷ್ಟು ತಯಾರಾಗಬೇಕು ಅನ್ನುವುದನ್ನೇ ತಗ್ಗಿಸಿತು. ಅವರಿಗೂ ಕಂಡಿದ್ದು ಅದೇ. ಜೊತೆಗೆ, ಪಿಎಫ್-ಇಎಂಪಿ1 ಕಣದ ಮೇಲ್ಮೈಗೆ ಬರುವುದು ಬಹಳ ಕಡಿಮೆಯಾಯಿತು ಅಂತ ತೋರಿಸಿದರು. ಯಂತ್ರದ ಭಾಗಗಳನ್ನು ಸ್ವಲ್ಪವೇ ತಗ್ಗಿಸಿದರೂ ಪರಾವಲಂಬಿ ತನ್ನ ಸುತ್ತನ್ನು ಮುಗಿಸಲು ಒದ್ದಾಡಿತು. ಗಾಜಿನ ತಟ್ಟೆಯಲ್ಲೂ ಹಾಗೆ, ಇಲಿಗಳ ಮೈಯಲ್ಲೂ ಹಾಗೆ.

ಅಕ್ಕ ಹೇಳಿದ್ದ "ಅಂಟಿಕೊಂಡಿರ್ತವೆ" ಅನ್ನುವ ಮಾತಿನ ಬೇರು ಇಲ್ಲಿದೆ. ಈ ಬಾಗಿಲು ಮುಚ್ಚಿದರೆ ಗೋಂದು ಹೊರಗೆ ಬರುವುದಿಲ್ಲ. ಗೋಂದು ಬರದಿದ್ದರೆ ಅಂಟುವುದಿಲ್ಲ.

2018ರಲ್ಲಿ ಇದೇ ಯಂತ್ರದ ಚಿತ್ರವೂ ಸಿಕ್ಕಿತು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಗೋಲ್ಡ್‌ಬರ್ಗ್ ತಂಡದ ಜೊತೆ ಸೇರಿ, ರಕ್ತದಲ್ಲಿ ಬೆಳೆಸಿದ ಪರಾವಲಂಬಿಗಳಿಂದಲೇ ಪಿಟೆಕ್ಸನ್ನು ಬಿಡಿಸಿ ತೆಗೆದು, ಹೆಪ್ಪುಗಟ್ಟಿಸಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಕೆಳಗೆ ಏಳು ಇಎಕ್ಸ್‌ಪಿ2 ಸೇರಿ ಆದ ಕೊಳವೆ. ಅದರೊಳಗೆ ಏಳು ಪಿಟೆಕ್ಸ್150. ಮೇಲೆ ಆರು ಎಚ್‌ಎಸ್‌ಪಿ101 ಸುತ್ತುಗಟ್ಟಿ ಕೂತ ತಿರುಗಣಿ. ತಿರುಗಣಿಯ ನಡುವಿನ ಓಣಿಯಲ್ಲಿ, ಸಾಗಿಸುತ್ತಿದ್ದ ಪ್ರೋಟೀನಿನ ಎಳೆ ಹಾಗೆಯೇ ಸಿಕ್ಕಿಕೊಂಡಿತ್ತು. ಯಂತ್ರ ಎರಡು ಭಂಗಿಯಲ್ಲಿ ಕಂಡಿತು. ಒಂದರಲ್ಲಿ ಎಳೆಯನ್ನು ಹಿಡಿದಿದೆ, ಇನ್ನೊಂದರಲ್ಲಿ ಮುಂದಿನ ಹಿಡಿತಕ್ಕೆ ಕೈ ಬದಲಿಸುತ್ತಿದೆ. ಬಾವಿಯಿಂದ ಹಗ್ಗ ಸೇದುವವರ ಎರಡು ಕೈಗಳ ಹಾಗೆ.

ಅದೇ ವರ್ಷ ಇನ್ನೊಂದು ತಂಡ ಇಎಕ್ಸ್‌ಪಿ2ಕ್ಕೆ ಎರಡನೇ ಕೆಲಸವೂ ಇದೆ ಅಂತ ತೋರಿಸಿತು. ತಿರುಗಣಿ ಜೋಡಿಸಿರದ ಇಎಕ್ಸ್‌ಪಿ2 ಕೊಳವೆಗಳು ಪೋಷಕಾಂಶ ಒಳಗೆ ಬರುವ ಕಿಂಡಿಗಳಾಗಿ ಕೆಲಸ ಮಾಡುತ್ತವೆ. ಸಾಮಾನು ಹೊರಗೆ ಹೋಗುವುದಕ್ಕೂ ಊಟ ಒಳಗೆ ಬರುವುದಕ್ಕೂ ಅದೇ ಪ್ರೋಟೀನ್.

ಬಾಗಿಲಿನಾಚೆಯ ದಾರಿ

ಬಾಗಿಲು ದಾಟಿದರೆ ಮುಗಿಯಲಿಲ್ಲ. ಇನ್ನೂ ಗೋಡೌನಿನ ಉದ್ದಕ್ಕೂ ಸಾಗಬೇಕು. 1902ರಲ್ಲಿಯೇ ಸುಮಾತ್ರಾದಲ್ಲಿದ್ದ ಜರ್ಮನ್ ವೈದ್ಯ ಗೇಯೋರ್ಗ್ ಮೌರರ್, ಫಾಲ್ಸಿಪಾರಂ ಹೊಕ್ಕ ಕಣಗಳಲ್ಲಿ ಬಣ್ಣ ಹಿಡಿಯುವ ಮಚ್ಚೆಗಳನ್ನು ಗಮನಿಸಿ ಬರೆದಿದ್ದರು. ಅವು ಏನು ಅಂತ ಆಗ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಪರಾವಲಂಬಿ ರಕ್ತಕಣದೊಳಗೆ ಕಟ್ಟಿಕೊಂಡ ಚಪ್ಪಟೆ ಪೊರೆಚೀಲಗಳು ಅವು. ಪಿಎಫ್-ಇಎಂಪಿ1 ಹೊರಗೋಡೆಗೆ ಹೋಗುವ ಮೊದಲು ಅಲ್ಲಿ ತಂಗುತ್ತದೆ. ಅವುಗಳಿಗೆ ಇವತ್ತಿಗೂ ಮೌರರನ ಸೀಳುಗಳು ಅಂತಲೇ ಹೆಸರು. ಬಣ್ಣ ಹಾಕಿದ ಸ್ಲೈಡನ್ನು ಅಷ್ಟು ಶ್ರದ್ಧೆಯಿಂದ ನೋಡಿದವರ ಬಗ್ಗೆ ನನಗೆ ದೊಡ್ಡ ಗೌರವ.

ಹೊರಗೋಡೆಯಲ್ಲಿ ಗೋಂದಿಗಾಗಿ ಸಣ್ಣ ಸಣ್ಣ ಗುಬುಟುಗಳು ಏಳುತ್ತವೆ. ಕೆಎಎಚ್‌ಆರ್‌ಪಿ ಅನ್ನುವ ಇನ್ನೊಂದು ರಫ್ತಾದ ಪ್ರೋಟೀನ್ ಅವುಗಳಿಗೆ ಆಧಾರ. ಹಲಸಿನ ಹಣ್ಣಿನ ಮೈಯಂತೆ ಕಾಣುವ ಆ ಕಣದ ಪ್ರತಿ ಗುಬುಟಿನ ತುದಿಯಲ್ಲೂ ಗೋಂದು.

ನಮ್ಮ ಬೆಂಗಳೂರಿನ ಕೆಲಸ ಸೇರುವುದು ಇಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಉತ್ಪಲ್ ಟಾಟು ಅವರ ಲ್ಯಾಬ್, ಪ್ರೋಟೀನುಗಳನ್ನು ಮಡಚಲು ನೆರವಾಗುವ ಸಹಾಯಕ ಪ್ರೋಟೀನುಗಳ ಬೆನ್ನು ಹತ್ತಿತ್ತು. ಎಳೆಯಾಗಿ ಬಂದದ್ದನ್ನು ಆಚೆ ಬದಿಯಲ್ಲಿ ಮತ್ತೆ ಯಾರಾದರೂ ಮಡಚಬೇಕಲ್ಲ. ರಕ್ತಕಣದಲ್ಲಿ ಮನುಷ್ಯನದೇ ಹಳೆಯ ಸಹಾಯಕ ಪ್ರೋಟೀನುಗಳು ಉಳಿದಿರುತ್ತವೆ. ಪರಾವಲಂಬಿ ಅವುಗಳನ್ನು ಪೊರೆಯ ಬಳಿಯ ಗುಂಪುಗಳಿಗೆ ಸೇರಿಸಿಕೊಳ್ಳುತ್ತದೆ ಅಂತ ಅವರು 2002ರಲ್ಲಿ ತೋರಿಸಿದರು. 2012ರಲ್ಲಿ, ಪರಾವಲಂಬಿ ತಾನೇ ಹೊರಗೆ ಕಳಿಸುವ ಎಚ್‌ಎಸ್‌ಪಿ40 ಬಗೆಯ ಒಂದು ಸಹಾಯಕ ಪ್ರೋಟೀನ್ ಆ ಗುಬುಟುಗಳ ಬಳಿ ಇರುತ್ತದೆ ಅಂತ ಪ್ರಕಟಿಸಿದರು. ಕೆಲಸದವರಿಲ್ಲದ ಗೋಡೌನು ಅಂದೆನಲ್ಲ, ಅಲ್ಲಿ ಉಳಿದಿದ್ದ ಒಬ್ಬಿಬ್ಬರು ಮುದುಕರನ್ನೂ ಬಿಡದೆ ಕೆಲಸಕ್ಕೆ ಹಚ್ಚಿದ ಹಾಗಾಯಿತು.

ಇನ್ನೊಂದು ನಂಟು ಕಾಡಂಚಿನ ಊರುಗಳಿಗೆ ಸೇರಿದ್ದು. ಕುಡುಗೋಲು ಕಣದ ಹಿಮೋಗ್ಲೋಬಿನ್ ಇರುವವರು, ಅಂದರೆ ಸಿಕಲ್ ಸೆಲ್ ಜೀನ್ ಹೊತ್ತವರು, ದಕ್ಷಿಣ ಭಾರತದಲ್ಲಿದ್ದಾರೆ ಅಂತ ಮೊದಲು ತಿಳಿದಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರ ರಕ್ತ ಪರೀಕ್ಷೆಯಿಂದ. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನಲ್ಲೂ ಈ ಜೀನ್ ಇದೆ. ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಅದು ಜೀವಮಾನದ ನೋವಿನ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ತೀವ್ರವಾದ ಫಾಲ್ಸಿಪಾರಂ ಮಲೇರಿಯಾದಿಂದ ದೊಡ್ಡ ಮಟ್ಟದ ರಕ್ಷಣೆ ಸಿಗುತ್ತದೆ. ಯಾಕೆ ಅನ್ನುವುದಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳಿವೆ. ಅವುಗಳಲ್ಲೊಂದು ಈ ಸಾಗಾಟಕ್ಕೆ ಸೇರಿದ್ದು. 2011ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಮೈಕೆಲ್ ಲಾಂಟ್ಸರ್ ಅವರ ತಂಡ ತೋರಿಸಿದ್ದು ಇದು. ಪರಾವಲಂಬಿ ರಕ್ತಕಣದ ಗೋಡೆಯಿಂದ ಆಕ್ಟಿನ್ ಅನ್ನುವ ಪ್ರೋಟೀನಿನ ಎಳೆಗಳನ್ನು ಕದ್ದು, ಮೌರರನ ಸೀಳಿನಿಂದ ಗುಬುಟಿನ ತನಕ ಹಳಿ ಹಾಕಿಕೊಳ್ಳುತ್ತದೆ. ಕುಡುಗೋಲು ಹಿಮೋಗ್ಲೋಬಿನ್ ಇರುವ ಕಣದಲ್ಲಿ ಆ ಹಳಿ ತುಂಡುತುಂಡಾಗಿ, ಅಸ್ತವ್ಯಸ್ತವಾಗಿರುತ್ತದೆ. ಸಾಮಾನು ಬಾಗಿಲು ದಾಟಿದರೂ ಗೋಡೆಗೆ ಸರಿಯಾಗಿ ತಲುಪುವುದಿಲ್ಲ. ಸಾವಿರಾರು ವರ್ಷಗಳಿಂದ ಮಲೇರಿಯಾ ಇದ್ದ ಕಡೆ ಈ ಜೀನ್ ಉಳಿದುಕೊಂಡು ಬಂದದ್ದಕ್ಕೆ ಕೊಟ್ಟ ಬೆಲೆ ಎಷ್ಟು ಅಂತ ಆ ಕಾಯಿಲೆಯ ಮಕ್ಕಳನ್ನು ಕಂಡವರಿಗೆ ಗೊತ್ತು.

ಔಷಧ ಆಗಬಹುದಾ?

ಎಲ್ಲವೂ ಒಂದೇ ಬಾಗಿಲಲ್ಲಿ ಹಾದುಹೋಗುತ್ತದೆ ಅಂದರೆ, ಆ ಬಾಗಿಲನ್ನು ಮುಚ್ಚುವ ಔಷಧ ಹುಡುಕಬೇಕು ಅನಿಸುವುದು ಸಹಜ. ಪಿಟೆಕ್ಸ್ ಯಂತ್ರ ನಮ್ಮ ದೇಹದಲ್ಲಿ ಇಲ್ಲದ್ದು, ಅದೊಂದು ಅನುಕೂಲ. ಸದ್ಯಕ್ಕೆ ಜಾಸ್ತಿ ದೂರ ಹೋಗಿರುವುದು ಚೀಟಿ ಕತ್ತರಿಸುವ ಪ್ಲಾಸ್ಮೆಪ್ಸಿನ್ 5ರ ಕಡೆಯ ಕೆಲಸ. 2014ರಲ್ಲಿ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯವರು ಅದರ ಕತ್ತರಿಗೆ ಅಡ್ಡಲಾಗಿ ಕೂರುವ ಒಂದು ಸಂಯುಕ್ತವನ್ನು ತಯಾರಿಸಿದರು. ಹೆಸರು ವೆಹಿ-916. ಅದು ರಫ್ತನ್ನು ತಗ್ಗಿಸಿತು, ಗೋಂದು ಮೇಲ್ಮೈಗೆ ಬರುವುದನ್ನು ಕಡಿಮೆ ಮಾಡಿತು, ಪರಾವಲಂಬಿಯನ್ನು ಸಾಯಿಸಿತು. ಅದು ರೋಗಿಗೆ ಕೊಡುವ ಔಷಧವಲ್ಲ, ಇಲ್ಲಿ ಹೊಡೆದರೆ ಪರಾವಲಂಬಿಗೆ ತಾಗುತ್ತದೆ ಅಂತ ತೋರಿಸಿದ ಲ್ಯಾಬಿನ ಸಾಧನ.

ಮತ್ತೆ ಸ್ಲೈಡಿಗೆ

ಕೊನೆಗೆ ಮತ್ತೆ ಲ್ಯಾಬಿಗೆ ಬರೋಣ. ಈಗ ಸ್ಲೈಡಿನ ಜೊತೆಗೆ ರ‍್ಯಾಪಿಡ್ ಟೆಸ್ಟ್ ಕಿಟ್ ಇದೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಲ್ಲೇ ಒಂದು ಹನಿ ರಕ್ತ ಹಾಕಿ ಗೆರೆ ಬರುವುದನ್ನು ಕಾಯುತ್ತಾರಲ್ಲ, ಅದೇ. ಅದರಲ್ಲಿ ಫಾಲ್ಸಿಪಾರಂನ ಗೆರೆ ಹಿಡಿಯುವುದು ಎಚ್‌ಆರ್‌ಪಿ2 ಅನ್ನುವ ಪ್ರೋಟೀನನ್ನು. ಅದರ ಮೇಲೂ ಪೆಕ್ಸೆಲ್ ಚೀಟಿ ಇದೆ. ಅದೂ ಇದೇ ಬಾಗಿಲು ದಾಟಿ ರಕ್ತಕಣದೊಳಕ್ಕೆ ಬಂದು, ಕಣ ಒಡೆದಾಗ ರಕ್ತಕ್ಕೆ ಸೇರಿದ್ದು.

ಇದರಲ್ಲಿ ಒಂದು ಮುಖ್ಯ ವಿಷಯ ಇದೆ. ನಾಳದ ಗೋಡೆಗೆ ಅಂಟಿಕೊಂಡ ಕಣ ಬೆರಳಿನ ಹನಿಗೆ ಬರುವುದಿಲ್ಲ. ಆದರೆ ಅದು ಒಡೆದಾಗ ಬಿಟ್ಟ ಎಚ್‌ಆರ್‌ಪಿ2 ಇಡೀ ರಕ್ತದಲ್ಲಿ ಬೆರೆಯುತ್ತದೆ. ಥಾಯ್ಲೆಂಡಿನ ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ, ರಕ್ತದಲ್ಲಿನ ಎಚ್‌ಆರ್‌ಪಿ2 ಪ್ರಮಾಣ ಅಳೆದು ಮೈಯಲ್ಲಿ ಅಡಗಿದವೂ ಸೇರಿ ಒಟ್ಟು ಎಷ್ಟು ಪರಾವಲಂಬಿಗಳಿವೆ ಅಂತ ಅಂದಾಜು ಮಾಡಿತು. ಕಾಯಿಲೆ ಎಷ್ಟು ತೀವ್ರ ಅನ್ನುವುದಕ್ಕೆ ಸ್ಲೈಡಿನ ಉಂಗುರದ ಲೆಕ್ಕಕ್ಕಿಂತ ಈ ಅಳತೆ ಚೆನ್ನಾಗಿ ಹೊಂದಿಕೊಂಡಿತು. ಕಿಟ್ಟಿನ ಗೆರೆಯಿಂದ ಅಷ್ಟು ನಿಖರ ಲೆಕ್ಕ ಸಿಗುವುದಿಲ್ಲ. ಚಿಕಿತ್ಸೆ ಮುಗಿದ ಮೇಲೂ ಕೆಲವು ವಾರ ಗೆರೆ ಬರುತ್ತಲೇ ಇರಬಹುದು. ಎಚ್‌ಆರ್‌ಪಿ2 ಜೀನೇ ಇಲ್ಲದ ಪರಾವಲಂಬಿಗಳೂ ಇವೆ, ಅಂಥವಕ್ಕೆ ಗೆರೆ ಮೂಡದೆ ಹೋಗಬಹುದು. ಹಾಗಾಗಿ ಸ್ಲೈಡ್ ನೋಡುವ ಕಣ್ಣು ಇನ್ನೂ ಬೇಕು.

ಜ್ವರ ಜೋರಾಗಿದ್ದು, ಮೊದಲ ಸ್ಲೈಡಿನಲ್ಲಿ ಉಂಗುರ ಒಂದೂ ಕಾಣದಿದ್ದರೆ ಡಾಕ್ಟರು ಅರ್ಧ ದಿನವೋ ಒಂದು ದಿನವೋ ಬಿಟ್ಟು ಮತ್ತೆ ಸ್ಲೈಡ್ ಮಾಡಿಸಿ ಅನ್ನುತ್ತಾರೆ. ಸುಮ್ನೆ ಇನ್ನೊಂದು ಸಲ ಚುಚ್ಚೋದು ಯಾಕೆ ಅಂತ ರೋಗಿಯ ಕಡೆಯವರಿಗೆ ಬೇಸರವಾಗುತ್ತದೆ. ಚುಚ್ಚುವುದು ಇದಕ್ಕೆ: ಈಗ ಅಂಟಿಕೊಂಡು ಕೂತಿರುವ ದೊಡ್ಡವು ಅಷ್ಟರಲ್ಲಿ ಒಡೆದಿರಬಹುದು. ಅವುಗಳ ಮರಿಗಳು ಹೊಸ ಕಣಗಳಿಗೆ ಹೊಕ್ಕು ಉಂಗುರವಾಗಿರುತ್ತವೆ. ಆ ಹೊಸ ಕಣಗಳ ಮೇಲೆ ಗೋಂದು ಇನ್ನೂ ಬಂದಿರುವುದಿಲ್ಲ. ಒಳಗೆ ಹೊಸ ಬಾಗಿಲಿನಿಂದ ಮೊದಲ ಸಾಮಾನು ಈಗಷ್ಟೇ ಹೊರಡುತ್ತಿರುತ್ತದೆ. ಆ ಕೆಲವು ಗಂಟೆ ಅವು ರಕ್ತದಲ್ಲಿ ಸುತ್ತುತ್ತಿರುತ್ತವೆ, ಬೆರಳಿನ ತುದಿಗೂ ಬರುತ್ತವೆ.